ಲೋಳೆನೂಲಿನ ಎಡಮಣಿ, ಬಲಮಣಿ

ಹೂಳೂರು,
ಹೂಳು ತುಂಬಿದ ನೂರಾ ನಲವತ್ತೊಂದನೆಯ ವರ್ಷ,
ಎರಡನೆಯ ಆಷಾಢದ ಮೂವತ್ತಾರನೆಯ ದಿನ.

ಮುಂದೆಂದೋ ಈ ಪೆಟ್ಟಿಗೆ ತೆರೆದು ಓದುವವರಿಗೆ ಲೋಳೆಮನೆಯ ಹುಲಿಗೆವ್ವನ ಶರಣು.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತಾರೀಖು ನೋಡಿಯೇ ನೀವು ನಕ್ಕಿರಬಹುದು. ಈ ವರ್ಷ ಅಧಿಕಮಾಸ ಬಿದ್ದು ಆಷಾಢವೇ ಎರಡು. ನಮ್ಮಲ್ಲಿ ಹೊಳೆಯ ನೀರು ಗುರುತುಕಂಬದ ಬಿಳಿ ಪಟ್ಟೆಗಿಂತ ಕೆಳಗೆ ಇಳಿಯುವ ತನಕ ಆಷಾಢ ಮುಗಿಯುವುದಿಲ್ಲ. ಹೋದ ವರ್ಷ ಐವತ್ತೆರಡು ದಿನ ಆಷಾಢವೇ ಇತ್ತು. ಮದುವೆ ನಿಶ್ಚಯವಾಗಿದ್ದ ಹುಡುಗಿಯರು ಹೊಳೆಗೆ ದಿನಾ ಶಾಪ ಹಾಕುತ್ತಿದ್ದರು. ನಿಮ್ಮ ಕಾಲಕ್ಕೆ ತಿಂಗಳು ಹೇಗಿದೆಯೋ, ಮಾತು ಎಷ್ಟು ಬದಲಾಗಿದೆಯೋ, ನನಗೇನು ಗೊತ್ತು? ನನ್ನ ಮುತ್ತಜ್ಜಿಯ ಅಜ್ಜಿ ಬರೆದಿಟ್ಟ ಒಂದು ಕಾಗದ ನಮ್ಮ ಮನೆಯಲ್ಲಿದೆ. ಅದರಲ್ಲಿ ಬರುವ ‘ರೀಚಾರ್ಜ್’ ಎಂಬುದು ತಿನ್ನುವ ವಸ್ತುವೋ ದೇವರ ಹೆಸರೋ ಎಂದು ನಾನು ಚಿಕ್ಕವಳಿದ್ದಾಗ ಬಹಳ ತಲೆ ಕೆಡಿಸಿಕೊಂಡಿದ್ದೆ. ನನ್ನ ಮಾತಿನಲ್ಲಿಯೂ ಅಂಥವು ಸಿಕ್ಕರೆ ಸಿಟ್ಟಾಗಬೇಡಿ, ಮುಂದೆ ಹೋಗಿ. ಹೋಗುತ್ತ ಹೋಗುತ್ತ ಬಿಡಿಸಿ ಹೇಳುತ್ತೇನೆ.

ವಿಷಯ ಇಷ್ಟು. ನನ್ನ ಒಬ್ಬಳೇ ಮಗಳು ಪಂಪಾವತಿ ತುಂಬಿದ ಬಸುರಿ. ಕೂಸು ಅಡ್ಡ ಮಲಗಿದೆ, ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದು ನಮ್ಮ ಊರಿನ ಡಾಕ್ಟರು ಮಾಬೂಬಿ ಹೇಳಿದ್ದಾಳೆ. ಕೊಯ್ದ ಮೇಲೆ ಒಳಗೆ ಹೊಲಿಯುವುದು ನಮ್ಮ ಮನೆಯ ನೂಲಿನಿಂದ. ನಾಲ್ಕು ವರ್ಷದ ಹಿಂದೆ ಪಂಪಾಳ ಕರುಳಿನ ತುದಿ ಕೊಳೆತು ಒಮ್ಮೆ ಹೊಟ್ಟೆ ಕೊಯ್ದಿದ್ದರು. ಆಗ ಹೊಲಿದ ನನ್ನ ನೂಲು ಅವಳನ್ನು ಸಾವಿನ ಬಾಗಿಲ ತನಕ ಕರೆದುಕೊಂಡು ಹೋಗಿತ್ತು. ಈಗಿನದು ಬೇರೆ ನೂಲು, ಹೊಸದು. ಅದು ಮೈಯೊಳಗೆ ಕರಗುತ್ತದೋ ಇಲ್ಲವೋ ನೋಡಲೆಂದು ಹದಿನಾರು ದಿನಗಳ ಹಿಂದೆ ನನ್ನ ಎಡಗೈಯ ಚರ್ಮದ ಕೆಳಗೆ ಹೊಲಿಸಿಕೊಂಡಿದ್ದೇನೆ. ಇನ್ನು ನಾಲ್ಕು ದಿನಕ್ಕೆ ಗೊತ್ತಾಗುತ್ತದೆ. ಕಾಯುವುದು ನನ್ನ ಜಾಯಮಾನವಲ್ಲ. ಸುಮ್ಮನೆ ಕೂತರೆ ಕೈ ತುರಿಸುತ್ತದೆ, ತುರಿಸಿದರೆ ಮಾಬೂಬಿ ಬೈಯುತ್ತಾಳೆ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಊರು ನಿಂತಿರುವುದು ಹಳೆಯ ಜಲಾಶಯದ ಹೊಟ್ಟೆಯ ಮೇಲೆ. ಒಂದು ಕಾಲಕ್ಕೆ ಇಲ್ಲಿ ಕಣ್ಣು ಹಾಯುವಷ್ಟು ದೂರ ನೀರಿತ್ತಂತೆ. ವರ್ಷ ವರ್ಷ ಹೊಳೆ ಹೊತ್ತು ತಂದ ಹೂಳು ತುಂಬಿ ತುಂಬಿ ನೆಲವಾಯಿತು, ನೆಲದ ಮೇಲೆ ನಾವು ಬಂದು ಕೂತೆವು. ಮಣ್ಣೇನೋ ಬಂಗಾರ. ಕೋಲು ನೆಟ್ಟರೂ ಚಿಗುರುತ್ತದೆ. ಆದರೆ ನೀರು ಮಾತ್ರ ಹಾಲು ಹಾಕಿದ ಚಹಾದ ಹಾಗೆ. ಬಾವಿ ತೋಡಿದರೂ ಅದೇ, ಹೊಳೆಗೆ ಹೋದರೂ ಅದೇ. ಎರಡು ದಿನ ಕೊಡದಲ್ಲಿಟ್ಟರೂ ತಿಳಿಯಾಗದಷ್ಟು ನುಣುಪಾದ ಹೂಳು. ಆದ್ದರಿಂದ ಪ್ರತಿ ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಕೊಡಕ್ಕೆ ಒಂದು ಚಿಟಿಕೆ ಸುಣ್ಣ, ಒಂದು ಚಮಚ ತಿಳಿನೂಲು ಹಾಕಿ ತಿರುವುವುದು. ಮುಖ ತೊಳೆದು ಬರುವಷ್ಟರಲ್ಲಿ ಕೆಸರೆಲ್ಲ ಹಿಂಜಿದ ಹತ್ತಿಯಂತೆ ಗಂಟುಗಂಟಾಗಿ ತಳಕ್ಕೆ ಕೂತು, ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿನೂಲನ್ನು ಮಾಡುವ ಮನೆಗೇ ಲೋಳೆಮನೆ ಎನ್ನುವುದು. ಊರಿಗೆ ಎರಡು ಇವೆ. ಮೇಲೋಣಿಯದು ಒಂದು, ನಮ್ಮದು ಒಂದು.

ಮಾಡುವುದು ಕಷ್ಟವಲ್ಲ, ಹದ ಕಷ್ಟ. ಹುರಳಿ ಬೇಯಿಸಿ ಕಟ್ಟು ಬಸಿಯಬೇಕು. ಉಗುರುಬೆಚ್ಚಗಾದ ಮೇಲೆ ಗಡಿಗೆಗೆ ಹೊಯ್ದು, ಅದಕ್ಕೆ ಹಿಂದಿನ ಸಲದ ಲೋಳೆಯಲ್ಲಿ ನೆನೆದ ಒಂದು ಹಿಡಿ ಭತ್ತದ ಹುಲ್ಲು ಅದ್ದಬೇಕು. ಆ ಹುಲ್ಲಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವ ಇದೆ, ಅದನ್ನು ನಾವು ಹುಲ್ಲುಜೀವ ಎನ್ನುತ್ತೇವೆ. ಒಣಗಿಸಿದರೆ ಬೀಜದ ಹಾಗೆ ಮುದುಡಿ ಮಲಗುತ್ತದೆ. ನೂರು ವರ್ಷ ಮಲಗಿದರೂ ಬೆಚ್ಚಗಿನ ಕಟ್ಟು ಸಿಕ್ಕರೆ ಎದ್ದು ಕೂರುತ್ತದೆ ಎನ್ನುತ್ತಾರೆ. ಮೂರು ದಿನದಲ್ಲಿ ಗಡಿಗೆಯಲ್ಲಿ ಲೋಳೆ ಏಳುತ್ತದೆ. ಸೌಟು ಎತ್ತಿದರೆ ಮೊಳದುದ್ದ ಎಳೆ ಬರುತ್ತದೆ. ಮೂರನೆಯ ದಿನವೇ ತೆಗೆಯಬೇಕು. ನಾಲ್ಕನೆಯ ದಿನಕ್ಕೆ ಹುಲ್ಲುಜೀವಕ್ಕೆ ಹಸಿವಾಗಿ, ತಾನು ನೂತ ನೂಲನ್ನು ತಾನೇ ತುಂಡು ಮಾಡಿ ತಿನ್ನಲು ಶುರುಮಾಡುತ್ತದೆ. ಸೋಮಾರಿ ಸೊಸೆ ಇರುವ ಮನೆಯಲ್ಲಿ ಲೋಳೆ ನೀರಾಗುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು, ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದಳು.

ಈ ನೂಲು ಎಂದರೆ ಏನು? ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ, ಯಾಕೆಂದರೆ ನಮ್ಮ ತಪ್ಪು ಇದರೊಳಗೇ ಇದೆ. ನೂಲು ಎಂದರೆ ಮಣಿಸರ. ಸಾವಿರಾರು ಮಣಿ, ಎಲ್ಲವೂ ಒಂದೇ ಜಾತಿಯವು. ಹಳಬರು ಆ ಮಣಿಗೆ ಗ್ಲುಟಾಮಿಕ್ ಆಮ್ಲ ಎನ್ನುತ್ತಿದ್ದರು. ಒಂದೊಂದು ಮಣಿಗೂ ಒಂದು ಕೊಕ್ಕೆ, ಎರಡು ಕುಣಿಕೆ. ಒಂದು ಕುಣಿಕೆ ಕೊಕ್ಕೆಯ ಮಗ್ಗುಲಲ್ಲೇ ಇದೆ, ಅದು ಹತ್ತಿರದ ಕುಣಿಕೆ. ಇನ್ನೊಂದು ಉದ್ದ ಬಾಲದ ತುದಿಯಲ್ಲಿದೆ, ಅದು ದೂರದ ಕುಣಿಕೆ. ನಮ್ಮ ಮಾಂಸ, ಕೂದಲು, ಉಗುರು, ಎಲ್ಲವೂ ಮಣಿಸರಗಳೇ. ಆದರೆ ಅಲ್ಲಿ ಮಣಿಯ ಕೊಕ್ಕೆ ಪಕ್ಕದ ಮಣಿಯ ಹತ್ತಿರದ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ಹುಲ್ಲುಜೀವ ಮಾತ್ರ ಹಟಮಾರಿ. ದೂರದ ಕುಣಿಕೆಗೇ ಕೊಕ್ಕೆ ಹಾಕಿ ಹೆಣೆಯುತ್ತದೆ. ಒಂದೊಂದು ಗಂಟು ಬಿದ್ದಾಗಲೂ ನೀರಿನ ಒಂದು ಕಣ ಹೊರಗೆ ಬೀಳುತ್ತದೆ. ಹೀಗೆ ಹೆಣೆದುದರಿಂದ ಹತ್ತಿರದ ಕುಣಿಕೆಗಳೆಲ್ಲ ಸರದ ಉದ್ದಕ್ಕೂ ಖಾಲಿಯಾಗಿ ಹೊರಗೆ ಜೋತಾಡುತ್ತಿರುತ್ತವೆ. ಅವೇ ಸುಣ್ಣವನ್ನೂ ಕೆಸರನ್ನೂ ಹಿಡಿಯುವುದು, ಅವೇ ನೀರನ್ನು ಹಿಡಿದಿಡುವುದು. ಅದೇ ನೂಲಿಗೆ ಹುಳಿ ಹಾಕಿದರೆ ಕುಣಿಕೆ ಮುಚ್ಚಿಕೊಂಡು ನೀರಿನಲ್ಲಿ ಕರಗದ ಬಿಳಿ ಮುದ್ದೆಯಾಗುತ್ತದೆ; ಸೋಡಾ ಹಾಕಿದರೆ ಮತ್ತೆ ಬಿಚ್ಚಿಕೊಂಡು ಕರಗುತ್ತದೆ. ಸರಕ್ಕೂ ಸರಕ್ಕೂ ನಡುವೆ ಅಡ್ಡಗಂಟು ಹಾಕಿಸಿದರೆ ಹಿಡಿನೂಲು. ಅದು ತನ್ನ ತೂಕದ ನೂರಾರು ಪಟ್ಟು ನೀರು ಕುಡಿದು ಸಸಿಯ ಬೇರಿನ ಹತ್ತಿರ ಕೂತಿರುತ್ತದೆ. ಅಡ್ಡಗಂಟು ಹಾಕಿ ಎಳೆ ಎಳೆದು ಒಣಗಿಸಿದರೆ ಹೊಲಿನೂಲು, ಮಾಬೂಬಿಯ ಸೂಜಿಗೆ ಹೋಗುವುದು.

ಇನ್ನೊಂದು ಮಾತು ಉಳಿಯಿತು. ಮಣಿಯಲ್ಲಿಯೇ ಎರಡು ಬಗೆ: ಎಡಮಣಿ, ಬಲಮಣಿ. ಎಡಗಾಲಿನ ಮೆಟ್ಟು, ಬಲಗಾಲಿನ ಮೆಟ್ಟು ಇದ್ದ ಹಾಗೆ. ಚರ್ಮ ಒಂದೇ, ಹೊಲಿಗೆ ಒಂದೇ, ಆದರೆ ಇದರೊಳಗೆ ಆ ಕಾಲು ಹೋಗುವುದಿಲ್ಲ. ನಮ್ಮ ಮೈಯ ಸರಗಳೆಲ್ಲ ಎಡಮಣಿಯವು, ನಮ್ಮ ಮೈಯೊಳಗಿನ ಕತ್ತರಿಗಳಿಗೂ ಎಡಮಣಿಯೇ ಅಭ್ಯಾಸ. ಹುಲ್ಲುಜೀವ ಎರಡನ್ನೂ ಬೆರೆಸಿ ನೇಯುತ್ತದೆ. ಎಡಮಣಿ ಹೆಚ್ಚಿದ್ದರೆ ಮೈಯ ಕತ್ತರಿ ನಿಧಾನವಾಗಿ ಕಡಿದು ಇಪ್ಪತ್ತು ದಿನಕ್ಕೆ ಕರಗಿಸುತ್ತದೆ. ಬಲಮಣಿ ಹೆಚ್ಚಿದಷ್ಟೂ ಕತ್ತರಿ ಸೋಲುತ್ತದೆ. ಹಸುಗಳಿಗೆ ಬರುವ ನೆರಡಿ ರೋಗದ ಸೂಕ್ಷ್ಮಜೀವಿ ಬರೀ ಬಲಮಣಿಯ ಇಂಥದೇ ನೂಲಿನ ಕಂಬಳಿ ಹೊದ್ದುಕೊಂಡು ಮೈಯ ಕಾವಲುಗಾರರಿಂದ ತಪ್ಪಿಸಿಕೊಳ್ಳುತ್ತದೆ. ಇದನ್ನು ಕೇಳಿದ ನಮ್ಮ ಊರ ಕೆಲವರು ಬಲಮಣಿ ಎಂದರೇ ಪಿಶಾಚಿ ಎನ್ನುವಂತೆ ಆಡುತ್ತಾರೆ. ಹಾಗೇನಿಲ್ಲ. ಬಲಮಣಿಯಲ್ಲಿ ಪಾಪವಿಲ್ಲ, ಅದನ್ನು ಎಲ್ಲಿಗೆ ಹಾಕುತ್ತೀರಿ ಎನ್ನುವುದರಲ್ಲಿದೆ.

ಈಗ ನನ್ನ ಕಥೆ. ಲೋಳೆಮನೆಗೆ ಸೊಸೆಯಾಗಿ ಬರುವ ಹೆಣ್ಣು ತವರಿನಿಂದ ಒಂದು ಕಲ್ಲು ತರಬೇಕು, ಅದನ್ನು ಗಡಿಗೆಯ ತಳದಲ್ಲಿ ಇಡಬೇಕು. ಗಡಿಗೆ ಅವಳ ಕೈಯನ್ನು ಒಪ್ಪಿಕೊಳ್ಳಲಿ ಎಂದು. ಹಿಂದಿನ ಸೊಸೆಯ ಕಲ್ಲು ತೆಗೆದು ಹೊಸ್ತಿಲಿಗೆ ಹೂಳುತ್ತಾರೆ. ನನ್ನ ತವರು ಸಂಡೂರಿನ ಗುಡ್ಡದ ಕಡೆ. ಅಲ್ಲಿನ ಹಳೆಯ ಗಣಿಯ ಹತ್ತಿರ ಸಿಕ್ಕಿದ ಒಂದು ಕರೀ ಕಲ್ಲು ತಂದೆ. ಅಂಗೈಯಗಲ ಇದ್ದರೂ ಎತ್ತಿದರೆ ಮಗುವಿನಷ್ಟು ಭಾರ, ಮುಟ್ಟಿದರೆ ಬೆರಳಿಗೆ ಮಸಿ. ನಮ್ಮತ್ತೆ ಮೂಗು ಮುರಿದಳು. “ಎಂಥಾ ಕರೀ ಮಾರಿ ತಂದೀಯಬೇ, ಬಿಳೀದು ಒಂದೂ ಸಿಗಲಿಲ್ಲೇನು?” ಎಂದಳು. ನಾನೂ ಆಗ ಹತ್ತೊಂಬತ್ತರ ಹುಡುಗಿ, ಬಾಯಿ ಸುಮ್ಮನಿರಬೇಕಲ್ಲ. “ಸೊಸಿನೂ ಕರಿಯಾಕಿನ ಅದಾಳಲ್ಲ ಅತ್ತಿ, ಕಲ್ಲಿಗೆ ಯಾಕ ಬೈತೀರಿ?” ಎಂದೆ. ಕಲ್ಲು ಗಡಿಗೆಯೊಳಗೆ ಹೋಯಿತು, ಮೂವತ್ತೊಂದು ವರ್ಷ ಅಲ್ಲೇ ಕೂತಿತು.

ನಾನು ಬಂದ ಎರಡು ವರ್ಷಕ್ಕೆ ನಮ್ಮ ಮನೆಯ ನೂಲಿಗೆ ಹೆಸರು ಬಂತು. ಮೇಲೋಣಿಯವರ ಹಿಡಿನೂಲು ಒಂದು ಬೆಳೆಗೆ ಮಣ್ಣಿನಲ್ಲಿ ಕರಗಿಹೋದರೆ ನಮ್ಮದು ಮೂರು ಬೆಳೆಗೆ ನಿಲ್ಲುತ್ತಿತ್ತು. ತಿಳಿನೂಲು ತಿಂಗಳಿಟ್ಟರೂ ಹಳಸುತ್ತಿರಲಿಲ್ಲ. ದೋಣಿ ಕಟ್ಟಿಕೊಂಡು ದೂರದ ಊರಿನವರು ಬಂದರು. ‘ಹುಲಿಗೆವ್ವನ ಕೈ’ ಎಂದು ಮಾತೇ ಹುಟ್ಟಿತು. ಯಾರ ಅಡುಗೆ ಚೆನ್ನಾಗಿದ್ದರೂ, ಯಾರ ಗೋಡೆ ಬಿರಿಯದಿದ್ದರೂ ‘ಹುಲಿಗೆವ್ವನ ಕೈ ಇದ್ದಂಗೈತಿ’ ಎನ್ನುವರು. ನಾನು ಜಂಬದ ಕೋಳಿಯಾದೆ. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಲೆಂದೇ ಜನರಿರುವ ಓಣಿಯಲ್ಲಿ ಸುತ್ತುಹಾಕಿ ಬರುತ್ತಿದ್ದೆ.

ಹೊಲಿನೂಲನ್ನು ಅಲ್ಲಿಯ ತನಕ ಮೇಲೋಣಿಯವರೇ ಮಾಡುತ್ತಿದ್ದರು. ಐದು ವರ್ಷದ ಹಿಂದೆ ಊರ ಹಿರಿಯ ಗಾದಿಲಿಂಗಪ್ಪನವರು, ಇಷ್ಟು ಒಳ್ಳೆಯ ಕೈ ಇರುವಾಗ ಹೊಲಿನೂಲೂ ಹುಲಿಗೆವ್ವನೇ ಮಾಡಲಿ ಎಂದರು. ಕುಣಿಯುತ್ತ ಒಪ್ಪಿಕೊಂಡೆ. ಅದರ ಮೊದಲ ಉಂಡೆಗಳಲ್ಲಿ ಒಂದರಿಂದ ನನ್ನ ಮಗಳನ್ನೇ ಹೊಲಿದರು. ಇಪ್ಪತ್ತು ದಿನಕ್ಕೆ ಕರಗಬೇಕಾದದ್ದು ನಲವತ್ತು ದಿನಕ್ಕೂ ಕರಗಲಿಲ್ಲ. ಹೊಟ್ಟೆಯೊಳಗೆ ಕಡಲೆಕಾಳಿನಂಥ ಗಂಟುಗಳಾದವು, ಗಂಟಿನ ಸುತ್ತ ಕೀವಾಯಿತು. ಹದಿನಾಲ್ಕು ತಿಂಗಳು ಪಂಪಾ ಬಲಮಗ್ಗುಲಿಗೆ ಮಲಗಲಿಲ್ಲ. ಎರಡು ಸಲ ಮತ್ತೆ ಕೊಯ್ದು ಮಾಬೂಬಿ ಒಂದೊಂದೇ ಎಳೆಯನ್ನು ಚಿಮಟದಿಂದ ಹಿಡಿದು ತೆಗೆದಳು. ತೆಗೆದ ಎಳೆಗಳು ನಿನ್ನೆ ಮಾಡಿದ ಹಾಗೆ ಹೊಳೆಯುತ್ತಿದ್ದವು. ನನ್ನ ಕೈಕೆಲಸವೇ ಅದು, ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ.

ಮಾಬೂಬಿ ಮೆಲ್ಲಗೆ ಹೇಳಿದಳು. “ಅಕ್ಕಾ, ನಿನ್ನ ಗಡಿಗ್ಯಾಗ ಏನೋ ಐತಿ. ಬಲಮಣಿ ಹೆಚ್ಚಾಗೈತಿ.” ಅವಳ ಹತ್ತಿರ ಹಳೆಯ ಕಾಲದ ಒಂದು ಕೊಳವೆ ಇದೆ. ನೂಲನ್ನು ಉಗ್ರ ಹುಳಿಯಲ್ಲಿ ಕುದಿಸಿ ಮಣಿ ಬಿಡಿಬಿಡಿ ಮಾಡಿ, ಆ ನೀರನ್ನು ಕೊಳವೆಗೆ ತುಂಬಿ, ಎರಡು ಮಸುಕು ಗಾಜುಗಳ ನಡುವೆ ದೀಪದ ಬೆಳಕು ಹಾಯಿಸುತ್ತಾಳೆ. ಎಡಮಣಿ ಬೆಳಕನ್ನು ಒಂದು ಕಡೆ ಹೊರಳಿಸಿದರೆ ಬಲಮಣಿ ಇನ್ನೊಂದು ಕಡೆ. ಮೇಲೋಣಿಯ ನೂಲಿನಲ್ಲಿ ಹತ್ತಕ್ಕೆ ಮೂರೋ ನಾಲ್ಕೋ ಬಲಮಣಿ. ನನ್ನದರಲ್ಲಿ ಹತ್ತಕ್ಕೆ ಎಂಟು. ಹಳೆಯ ಪುಸ್ತಕವೊಂದನ್ನು ತೋರಿಸಿ ಮ್ಯಾಂಗನೀಸ್ ಎಂಬ ಲೋಹ ಕಟ್ಟಿನಲ್ಲಿ ಹೆಚ್ಚಾದರೆ ಹುಲ್ಲುಜೀವ ಬಲಮಣಿ ಹೆಚ್ಚು ನೇಯುತ್ತದೆಂದು ಓದಿದಳು. ಅದು ಕರೀ ಕಲ್ಲಿನಲ್ಲಿರುತ್ತದೆ ಎಂದೂ ಹೇಳಿದಳು. ನನಗೆ ಉರಿದುಹೋಯಿತು. “ನನ್ನ ಕೈಗುಣಕ್ಕ ಹೆಸರಿಡತಿ, ಈಗ ನನ್ನ ತವರಿನ ಕಲ್ಲಿಗೂ ಹೆಸರಿಡತೀ? ಹೊಲಿಯಾಕ ಬರದಾಕಿ ನೂಲು ಡೊಂಕು ಅಂದ್ಲಂತ!” ಎಂದು ಕೂಗಾಡಿ ಎದ್ದು ಬಂದೆ. ಆ ಹೆಣ್ಣುಮಗಳು ನನ್ನ ಮಗಳ ಕೀವು ತೊಳೆದ ಕೈಯನ್ನು ಇನ್ನೂ ಒರೆಸಿಕೊಂಡಿರಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಅವಳ ಬಾಯಿ ಮುಚ್ಚಿಸಲೆಂದೇ ಕಲ್ಲು ತೆಗೆದೆ. ಐದು ತಿಂಗಳು ಕಲ್ಲಿಲ್ಲದೆ ಲೋಳೆ ಮಾಡಿ ಪ್ರತಿ ತಿಂಗಳೂ ಕೊಳವೆಗೆ ಕೊಟ್ಟೆ. ಪ್ರತಿ ಸಲವೂ ಹತ್ತಕ್ಕೆ ಏಳು, ಎಂಟು. “ನೋಡಿದ್ಯಾ?” ಎಂದು ನಾನು ಬೀಗಿದೆ. ಗಾದಿಲಿಂಗಪ್ಪನವರೂ ನನ್ನ ಪರ ನಿಂತರು, ಕಲ್ಲನ್ನು ಮತ್ತೆ ಗಡಿಗೆಗೆ ಹಾಕಿದೆ. ತಪ್ಪು ನಡೆದದ್ದು ಇಲ್ಲಿ, ನೀವೂ ಇದೇ ತಪ್ಪು ಮಾಡಬಹುದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಲೋಳೆಮನೆಯ ಗಡಿಗೆಯನ್ನು ನಾವು ಎಂದಿಗೂ ಬದಲಿಸುವುದಿಲ್ಲ. ಗಡಿಗೆ ಎಂದರೆ ತಾಯಿ. ಒಡೆದರೆ ಸೂತಕ, ಹನ್ನೊಂದು ದಿನ ಊರಿಗೆ ನೂಲಿಲ್ಲ. ಮಣ್ಣಿನ ಆ ಗಡಿಗೆಯ ಗೋಡೆಗಳು ಮೂವತ್ತು ವರ್ಷ ಕಲ್ಲಿನ ರಸ ಕುಡಿದಿದ್ದವು. ಕಲ್ಲು ತೆಗೆದರೂ ಗೋಡೆ ಅದನ್ನೇ ಉಗುಳುತ್ತಿತ್ತು. ಇದು ನಮಗೆ ಯಾರಿಗೂ ಹೊಳೆಯಲೇ ಇಲ್ಲ, ಯಾಕೆಂದರೆ ತಾಯಿಯ ಮೇಲೆ ಅನುಮಾನ ಪಡುವುದು ನಮ್ಮ ತಲೆಗೆ ಬರುವ ಮಾತೇ ಅಲ್ಲ.

ಹೊಳೆಸಿದವಳು ಪಂಪಾ. ಈ ವರ್ಷ ಶಿವರಾತ್ರಿ ಕಳೆದ ಮೇಲೆ ಬಸುರಿ ಎಂದು ಖಾತ್ರಿಯಾಗಿ ಮನೆಗೆ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. “ಯವ್ವಾ, ಕೊಯ್ಯೋದು ಬಂದ್ರ ನಿನ್ನ ನೂಲಿಂದ ನಾ ಹೊಲಿಸಿಕೊಳ್ಳಾಂಗಿಲ್ಲ. ಮೇಲೋಣಿಯವರು ಹೊಲಿನೂಲು ಮಾಡೋದು ಬಿಟ್ಟು ಐದು ವರ್ಷ ಆತು, ಅವರಿಗೀಗ ಆ ಹದ ಬರಾಂಗಿಲ್ಲ. ನನ್ನ ಗತಿ ಏನು ಹೇಳು” ಎಂದಳು. ನಾನು ಏನೋ ಸಮಜಾಯಿಷಿ ಹೇಳಲು ಹೋದೆ, ಕಲ್ಲು ತೆಗೆದು ನೋಡಿದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ಉಪ್ಪಿನಕಾಯಿ ಭರಣಿ ಖಾಲಿ ಮಾಡಿದ್ರ ವಾಸನಿ ಹೋಗತೈತೇನು? ಹೊಸಾ ಗಡಿಗಿ ತಗೊಂಡು ಮಾಡಿ ನೋಡಿದ್ಯಾ?” ಎಂದಳು. ಹೌದು, ಯಾರೂ ಮಾಡಿ ನೋಡಿರಲಿಲ್ಲ.

ಮಾರನೆಯ ದಿನವೇ ಕುಂಬಾರರ ಮನೆಯಿಂದ ಆಗಷ್ಟೇ ಸುಟ್ಟ ಹೊಸ ಗಡಿಗೆ ತಂದೆ. ಊರಿನಲ್ಲಿ ಗುಲ್ಲೆದ್ದಿತು. ತಾಯಿ ಇರುವಾಗಲೇ ಮಲತಾಯಿ ತಂದಳು ಎಂದರು. ಹೊಸ ಗಡಿಗೆ, ಹಿಡಿದಿಟ್ಟ ಮಳೆಯ ನೀರು, ಅದೇ ಹುರಳಿ, ಅದೇ ಹುಲ್ಲು. ಮೊದಲನೆಯ ಸಲಕ್ಕೇ ಹತ್ತಕ್ಕೆ ಮೂರು ಬಲಮಣಿ. ಮಾಬೂಬಿ ಕೊಳವೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ನೀನೇ ನೋಡು ಎಂದು ಜಾಗ ಬಿಟ್ಟಳು, ದೊಡ್ಡವಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಇಪ್ಪತ್ತೊಂಬತ್ತು ವರ್ಷ ಹೊಗಳಿಸಿಕೊಂಡದ್ದು ನನ್ನ ಕೈಯಲ್ಲ, ಒಂದು ಕಲ್ಲು. ಅದರ ದುಃಖ ಒಂದು ಪಾಲು. ನನ್ನ ಮಗಳು ಹದಿನಾಲ್ಕು ತಿಂಗಳು ನರಳಿದ್ದು ಮಾತ್ರ ನನ್ನ ಕೈಯಿಂದಲೇ. ಅದರ ದುಃಖ ಉಳಿದ ಪಾಲು.

ಕೊಳವೆಯ ಲೆಕ್ಕ ಸರಿಬಂದರೂ ಪಂಪಾಳಿಗೆ ನಂಬಿಕೆ ಬರಲಿಲ್ಲ. ಹೇಗೆ ಬಂದೀತು? ಹಿಂದೆ ‘ಹುಲಿಗೆವ್ವನ ಕೈ’ ಎಂದು ಊರೆಲ್ಲ ಹೇಳಿದ್ದನ್ನು ನಂಬಿ ಕೆಟ್ಟವಳು ಅವಳು. ಅದಕ್ಕೇ ಕೂಸು ಅಡ್ಡ ಎಂದು ಗೊತ್ತಾದ ಕೂಡಲೇ ನನ್ನ ಎಡಗೈಯಲ್ಲಿ ಎರಡು ಸಾಲು ಹೊಲಿಸಿಕೊಂಡೆ. ಮೇಲಿನ ಸಾಲು ಹಳೆಯ ಗಡಿಗೆಯ ನೂಲು, ಏಳು ಹೊಲಿಗೆ. ಕೆಳಗಿನ ಸಾಲು ಹೊಸ ಗಡಿಗೆಯದು, ಏಳು ಹೊಲಿಗೆ. ಮಾಬೂಬಿ ಒಲ್ಲೆ ಎಂದಳು, ಐವತ್ತು ದಾಟಿದ ಕೈ ಸುಲಭವಾಗಿ ಮಾಯುವುದಿಲ್ಲ ಎಂದಳು. ಮಾಯದಿದ್ದರೆ ಬಲಗೈ ಇದೆಯಲ್ಲ ಎಂದೆ. ಈ ಹದಿನಾರು ದಿನ ಬೆರಳಿನಿಂದ ಒತ್ತಿ ನೋಡಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ನನ್ನ ಜೀವನದಲ್ಲಿ ಪಾಲಿಸಿದ ಆಣೆ ಇದೊಂದೇ ಇರಬೇಕು.

ಇಲ್ಲಿಗೆ ನಿಲ್ಲಿಸುತ್ತೇನೆ. ಹುರಳಿ ಒಲೆಯ ಮೇಲಿದೆ.

ಎರಡನೆಯ ಆಷಾಢದ ನಲವತ್ತನೆಯ ದಿನ.

ನೀರು ಇಳಿಯುತ್ತಿದೆ. ನಾಳೆ ಬೆಳಿಗ್ಗೆ ಬಿಳಿ ಪಟ್ಟೆ ಕಾಣುತ್ತದಂತೆ. ಹಾಗಾದರೆ ನಾಳೆಯೇ ಆಷಾಢ ಮುಗಿಯಿತು, ನಾಳೆಯೇ ಪೆಟ್ಟಿಗೆ ಮುಚ್ಚುವುದು. ಐವತ್ತು ವರ್ಷಕ್ಕೊಮ್ಮೆ ಲೋಳೆಮನೆಯ ಒಣ ಹುಲ್ಲನ್ನು ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಹಳೆಯ ಅಣೆಕಟ್ಟಿನ ಗೋಡೆಯ ಗೂಡಿನಲ್ಲಿ ಮುಚ್ಚುತ್ತೇವೆ. ಎಂದಾದರೂ ಊರಿನ ಗಡಿಗೆಗಳೆಲ್ಲ ಕೆಟ್ಟರೆ ನೀವು ತೆರೆದು ಮತ್ತೆ ಶುರುಮಾಡಲಿ ಎಂದು. ಗಾದಿಲಿಂಗಪ್ಪನವರು ನಿನ್ನೆ ಬಂದಿದ್ದರು. “ಹಳೇ ಗಡಿಗಿ ಹುಲ್ಲ ಇಡು ತಾಯಿ. ಊರಿಗೆ ಹೆಸರು ತಂದಿದ್ದು ಅದು. ಹೊಸದನ್ನ ಇಟ್ರ ಮುಂದಿನವರು ನಮ್ಮನ್ನ ಏನಂದಾರು?” ಎಂದರು. ಒಳ್ಳೆಯ ಮನುಷ್ಯ, ಊರಿನ ಮಾನ ಅವರಿಗೆ ಜೀವ. ಹಳೆಯ ಹುಲ್ಲಿನಲ್ಲಿಯೂ ಹೊಸ ಹುಲ್ಲಿನಲ್ಲಿಯೂ ಇರುವ ಜೀವ ಒಂದೇ, ಅದಕ್ಕೆ ಕಲ್ಲಿನ ನೆನಪಿಲ್ಲ, ನೀವು ಏನು ಉಣಿಸಿದರೆ ಅದರಂತೆ ನೇಯುತ್ತದೆ ಎಂದು ಅವರಿಗೆ ಕೂರಿಸಿ ಹೇಳಿದೆ. ಅರ್ಧ ಗಂಟೆ ಹಿಡಿಯಿತು. ಕೊನೆಗೆ, “ಹಂಗಾದ್ರ ಇಡೋದು ಹುಲ್ಲಲ್ಲ, ನಿನ್ನ ಕಾಗದ ಅನ್ನು” ಎಂದರು. ಹೊಸ ಗಡಿಗೆಯ ಹುಲ್ಲಿನ ಜೊತೆ ಈ ಕಾಗದವನ್ನೂ ಕರೀ ಕಲ್ಲನ್ನೂ ಇಡುತ್ತಿದ್ದೇನೆ, ಕಲ್ಲನ್ನು ಬೇರೆ ಬಟ್ಟೆಯಲ್ಲಿ ಸುತ್ತಿ. ಹೊಲಕ್ಕೆ ಹಾಕುವ ನೂಲಿಗೆ ಕಲ್ಲು ಬೇಕು, ಮೂರು ಬೆಳೆ ನಿಲ್ಲುತ್ತದೆ. ಮೈಗೆ ಹಾಕುವ ನೂಲಿಗೆ ಕಲ್ಲೂ ಬೇಡ, ಕಲ್ಲು ಕಂಡ ಗಡಿಗೆಯೂ ಬೇಡ. ಮತ್ತು ಯಾರೇ ಹೊಲಿನೂಲು ಮಾಡಲಿ, ಅದರ ಮೊದಲ ಹೊಲಿಗೆ ಮಾಡಿದವರ ತೋಳಿಗೇ ಬೀಳಬೇಕು. ಇದನ್ನು ನಿಮ್ಮ ಊರಿನ ಕಟ್ಟಳೆ ಮಾಡಿ. ಕೊಳವೆ ಒಡೆದುಹೋಗಬಹುದು, ಪುಸ್ತಕ ಗೆದ್ದಲು ತಿನ್ನಬಹುದು, ತೋಳು ಎಲ್ಲರಿಗೂ ಇರುತ್ತದೆ.

ಇವತ್ತು ಮಧ್ಯಾಹ್ನ ಮಾಬೂಬಿ ನನ್ನ ಕೈ ನೋಡಲು ಬಂದಳು. ಪಂಪಾಳೂ ಬಂದಿದ್ದಳು, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ. ಈ ಸಲ ಒಳಗೆ ಬಂದಳು. ಮಾಬೂಬಿ ಕೈ ಚಾಚುವ ಮೊದಲೇ, “ನಾ ನೋಡತೀನಿ” ಎಂದು ನನ್ನ ತೋಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕಣ್ಣು ಮುಚ್ಚಿ ಮೇಲಿನ ಸಾಲನ್ನು ಬೆರಳಿನಿಂದ ಒತ್ತುತ್ತ ಹೋದಳು. ಒಂದು, ಎರಡು, ಮೂರು, ಏಳೂ ಗಂಟು ಗಟ್ಟಿಯಾಗಿ ಸಿಕ್ಕವು. ಆ ಗಂಟು ಅವಳಿಗೆ ಗೊತ್ತಿರುವ ಗಂಟು. ಆಮೇಲೆ ಕೆಳಗಿನ ಸಾಲಿಗೆ ಬಂದಳು. ಒತ್ತಿದಳು, ಸರಿದಳು, ಮತ್ತೆ ಹಿಂದಕ್ಕೆ ಬಂದು ಒತ್ತಿದಳು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, “ಯವ್ವಾ, ಇಲ್ಲಿ ಏನೂ ಇಲ್ಲ” ಎಂದಳು.

ಇಪ್ಪತ್ತೊಂಬತ್ತು ವರ್ಷ ನನ್ನ ನೂಲು ಉಳಿಯುತ್ತದೆ ಎಂದು ಜನ ಹೊಗಳಿದರು. ಅದು ಇಲ್ಲ ಎಂದು ನನ್ನ ಮಗಳು ಹೇಳಿದ ಮಾತಿಗೆ ಆ ಹೊಗಳಿಕೆಯೆಲ್ಲ ಸೇರಿಸಿದರೂ ಸಮ ಆಗುವುದಿಲ್ಲ. ಅವಳ ತಲೆ ನನ್ನ ಭುಜಕ್ಕೆ ಬಂತು. ಇಬ್ಬರೂ ಅತ್ತೆವು, ಮಾಬೂಬಿಯೂ ಅತ್ತಳು, ಆಮೇಲೆ ಮೂವರೂ ಚಹಾ ಕುಡಿದೆವು. “ಹಂಗಾದ್ರ ನಾಳಿಗೇ ಕೊಯ್ಯಿರಿ, ಈ ಕೂಸಿಗೆ ಇನ್ನ ತಡಕೊಳ್ಳಾಕ ಆಗವಲ್ದು” ಎಂದಳು ಪಂಪಾ. ನಾಳೆ ಮಧ್ಯಾಹ್ನ ಕೊಯ್ಯುತ್ತಾರೆ. ಸೂಜಿಗೆ ನೂಲು ಪೋಣಿಸಿ ಕೊಡುವುದು ನಾನೇ.

ಪೆಟ್ಟಿಗೆ ಮುಚ್ಚುವುದು ಬೆಳಿಗ್ಗೆ, ಕೊಯ್ಯುವುದು ಮಧ್ಯಾಹ್ನ. ಆದ್ದರಿಂದ ಮುಂದೇನಾಯಿತೆಂದು ಈ ಕಾಗದದಲ್ಲಿ ಇರುವುದಿಲ್ಲ. ಒಂದು ತೋಳಿನಲ್ಲಿ ಕರಗಿದ್ದು ಹೊಟ್ಟೆಯಲ್ಲೂ ಕರಗುತ್ತದೆಂದು ನನ್ನ ಬುದ್ಧಿ ಹೇಳುತ್ತದೆ. ಹೆತ್ತ ಕರುಳು ಬುದ್ಧಿಯ ಮಾತು ಎಲ್ಲಿ ಕೇಳುತ್ತದೆ? ಭಯವಾಗುತ್ತಿದೆ, ಅಕ್ಷರ ನೋಡಿದರೇ ನಿಮಗೆ ತಿಳಿಯುತ್ತದೆ.

ಆದರೆ ನೀವು ತಿಳಿದುಕೊಳ್ಳಬಹುದು. ಪೆಟ್ಟಿಗೆ ಮುಚ್ಚಿದ ನಲವತ್ತನೆಯ ದಿನ ಮುಚ್ಚಳಕ್ಕೆ ಸುಣ್ಣದ ಗಾರೆ ಬಳಿದು, ಆ ಲೋಳೆಮನೆಯನ್ನು ಮುಂದೆ ನಡೆಸುವ ಹೆಣ್ಣು ಹಸಿ ಗಾರೆಯ ಮೇಲೆ ತನ್ನ ಬಲ ಅಂಗೈ ಒತ್ತುತ್ತಾಳೆ. ಪಂಪಾ ಎದ್ದು ಓಡಾಡುವಂತಿದ್ದರೆ ಅವಳೇ ಒತ್ತುತ್ತಾಳೆ. ಇಲ್ಲದಿದ್ದರೆ ಮೇಲೋಣಿಯವರ ಸೊಸೆ ಒತ್ತುತ್ತಾಳೆ. ಪಂಪಾ ಏಳು ವರ್ಷದವಳಿದ್ದಾಗ ಹುಣಸೆ ಮರದಿಂದ ಬಿದ್ದು ಬಲಗೈಯ ಕಿರುಬೆರಳು ಮುರಿದಿತ್ತು. ಅದು ಹೊರಗಡೆಗೆ ಡೊಂಕಾಗಿಯೇ ಕೂಡಿಕೊಂಡಿದೆ, ಗುರುತು ತಪ್ಪುವುದಿಲ್ಲ.

ತೆರೆಯುವ ಅವಸರದಲ್ಲಿ ನೀವು ನೋಡಿರಲಿಕ್ಕಿಲ್ಲ. ಕಾಗದ ಕೆಳಗಿಡಿ. ಮುಚ್ಚಳವನ್ನು ಬೆಳಕಿಗೆ ತಿರುಗಿಸಿ, ಆ ಕಿರುಬೆರಳು ಹೇಗಿದೆ ನೋಡಿ.